ಹಿಮದ ಬೂಟಿಗೆ ಅಕ್ಷತೆ

ಕಾಲಿಗೆ ಹಾಕುವ ಯಾವ ವಸ್ತುವಿನ ಬಗ್ಗೆಯೂ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಕಳೆದ ದಸರಾದವರೆಗೆ ನನ್ನ ದೃಢ ನಂಬಿಕೆಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ನಾನು ಪೀಟಿ ಮೇಷ್ಟ್ರು. ಅರಸೀಕೆರೆಯಿಂದ ದಿನಾ ಬಸ್ಸು ಹತ್ತಿ ಕಣಕಟ್ಟೆ ಕಡೆಯ ಹೈಸ್ಕೂಲಿಗೆ ಹೋಗಿ, ಬರಿಗಾಲಲ್ಲಿ ಓಡುವ ಮಕ್ಕಳಿಗೆ ಖೋಖೋ, ಕಬಡ್ಡಿ ಹೇಳಿಕೊಟ್ಟು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುವುದು ನನ್ನ ಕೆಲಸ. ಬರಿಗಾಲಿನ ಮಕ್ಕಳ ಮೇಷ್ಟ್ರಿಗೆ ಬೂಟಿನ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಿತ್ರಳೂ ಅದನ್ನೇ ಕೇಳಿದಳು. ಅವಳ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನಲ್ಲಿ ಇನ್ನೊಂದು ಗುಣವಿದೆ. ಯಾವ ವಸ್ತುವನ್ನೂ ನಾನು ಬಿಸಾಡುವುದಿಲ್ಲ, ರಿಪೇರಿ ಮಾಡುತ್ತೇನೆ. ನಮ್ಮ ಮನೆಯ ಮಿಕ್ಸಿ ನಾನು ಕೈಯಿಟ್ಟ ಮೇಲೆ ಮೂರನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ. ಚಟ್ನಿ ರುಬ್ಬುವಾಗ ಮುಚ್ಚಳದ ಮೇಲೆ ಒಬ್ಬರು ಬಲವಾಗಿ ಕೈ ಒತ್ತಿ ನಿಲ್ಲಬೇಕು, ಅಷ್ಟೇ. ಟೀವಿಯ ರಿಮೋಟನ್ನೂ ನಾನೇ ಬಿಚ್ಚಿ ಜೋಡಿಸಿದ್ದೇನೆ. ಸೌಂಡಿನ ಬಟನ್ ಒತ್ತಿದರೆ ಚಾನೆಲ್ ಬದಲಾಗುತ್ತದೆ. ಅಭ್ಯಾಸವಾದರೆ ಏನೂ ತೊಂದರೆಯಿಲ್ಲ. ಮನೆಯವರಿಗೆ ಮಾತ್ರ ಯಾಕೋ ಇನ್ನೂ ಅಭ್ಯಾಸವಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮಗಿರುವುದು ಒಬ್ಬಳೇ ಮಗಳು, ಇಂಚರ. ಎಂಟನೇ ಕ್ಲಾಸು. ನನ್ನ ಕಬಡ್ಡಿಯಾಗಲಿ ಖೋಖೋ ಆಗಲಿ ಅವಳಿಗೆ ಹಿಡಿಸಲಿಲ್ಲ. ಅವಳು ಹಿಡಿದದ್ದು ಸ್ಕೇಟಿಂಗು! ಸಾಲಾಗಿ ನಾಲ್ಕು ಚಕ್ರವಿರುವ ಇನ್‌ಲೈನ್ ಸ್ಕೇಟು ಕಟ್ಟಿಕೊಂಡು, ಊರಿನ ಕಲ್ಯಾಣ ಮಂಟಪವೊಂದರ ಪಾರ್ಕಿಂಗ್ ಜಾಗದಲ್ಲಿ ಬೆಳಗ್ಗೆ ಐದೂವರೆಗೆ ಶುರು. ಮದುವೆ ಇದ್ದ ದಿನ ಕ್ಲಾಸಿಲ್ಲ. ಕಲಿಸುತ್ತಿದ್ದವಳು ನಂದಿನಿ ಎಂಬ ಹುಡುಗಿ. ಎರಡು ವರ್ಷ ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಮದುವೆ ಮುಹೂರ್ತ ಜಾಸ್ತಿ ಇರುವ ತಿಂಗಳಲ್ಲಿ ಮದುಮಕ್ಕಳಿಗೇ ಶಾಪ ಹಾಕುತ್ತಿದ್ದಳು.

ದಸರಾ ರಜೆಯಲ್ಲಿ ಬೇಲೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಐನೂರು ಮೀಟರಿನ ಓಟ, ಮೊದಲ ಇಬ್ಬರಿಗೆ ಮಾತ್ರ ಜಾಗ. ಇಂಚರಳಿಗೆ ಆ ವಯಸ್ಸಿನ ಗುಂಪಿನಲ್ಲಿ ಅದೇ ಕೊನೆಯ ವರ್ಷ. ಮುಂದಿನ ಸಲದಿಂದ ಪಿಯುಸಿ ಓದುವ ದೊಡ್ಡ ಹುಡುಗಿಯರ ಜೊತೆ ಓಡಬೇಕು. "ಈ ಸಲ ಆಗ್ಲಿಲ್ಲ ಅಂದ್ರೆ ಆಗಲ್ಲ ಅಪ್ಪ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಒಂದೇ ಒಂದು ತೊಡಕೆಂದರೆ, ಕಾಲು ಬೆಳೆದು ಹಳೇ ಸ್ಕೇಟಿನ ಬೂಟು ಬಿಗಿಯಾಗಿತ್ತು. ಹೆಬ್ಬೆರಳ ಉಗುರು ಕಪ್ಪಾಗಿತ್ತು.

ಸುಮಿತ್ರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಉಗುರು ನೋಡಿದವಳೇ, "ರೀ, ಹೊಸ ಸ್ಕೇಟ್ ತಂದುಬಿಡೋಣ. ನಂದಿನಿ ಯಾವುದು ಅಂತ ಬರ್ಕೊಟ್ಟಿದ್ದಾಳೆ" ಎಂದಳು.

"ಸ್ವಲ್ಪ ತಡಿ ಕಣೇ" ಎಂದೆ ನಾನು.

ತಡೆಯಲು ಕಾರಣವಿತ್ತು. ನಮ್ಮ ಶೋಕೇಸಿನಲ್ಲಿ ಒಂದು ಜೊತೆ ಬೂಟು ಕೂತಿತ್ತು! ಸುಮಿತ್ರಳ ತಮ್ಮ ಲೋಕೇಶ ಗಡಿ ಕಾಯುವ ಕೆಲಸದಲ್ಲಿದ್ದಾನೆ, ಹಿಮದ ಬೆಟ್ಟಗಳ ಕಡೆ. ಬೇಸಿಗೆಯಲ್ಲಿ ರಜೆಗೆ ಬಂದಾಗ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದೆಂದು ಅದನ್ನು ತಂದುಕೊಟ್ಟಿದ್ದ. "ಭಾವ, ಇದು ಹಿಮದ ಮೇಲೆ ಮೈಲಿಗಟ್ಟಲೆ ಜಾರ್ಕೊಂಡು ಹೋಗೋರ ಬೂಟು. ನೋಡಿ, ಬೆರಳ ಕೆಳಗೆ ಈ ಸಣ್ಣ ಕಂಬಿ ಐತಲ್ಲ, ಇದು ಉದ್ದ ಹಲಗೆ ಮೇಲಿರೋ ಕೊಂಡಿಗೆ ಸಿಗಾಕ್ಕೊಳ್ಳತ್ತೆ. ಹಿಮ್ಮಡಿ ಮಾತ್ರ ಎದ್ದು ಎದ್ದು ಬೀಳ್ತಿರತ್ತೆ. ಫಾರಿನ್ನೋರು ಬೇಸಿಗೇಲಿ ಇದೇ ಬೂಟಿಗೆ ಚಕ್ರ ಹಾಕ್ಕೋತಾರೆ. ಕೆರೆ ಹೆಪ್ಪುಗಟ್ಟಿದ್ರೆ ಐಸ್ ಮೇಲೆ ಹೋಗೋ ಬ್ಲೇಡ್ ಹಾಕ್ಕೋತಾರೆ. ಬೂಟ್ ಮಾತ್ರ ಒಂದೇ. ಸುಮ್ನೆ ಶೋಕೇಸಲ್ಲಿ ಇರ್ಲಿ ಅಂತ ತಂದೆ" ಎಂದು ಕೊಂಡಿಗಳನ್ನೂ ಜೊತೆಗೆ ಕೊಟ್ಟಿದ್ದ.

ಕೊನೆಯ ಮಾತು ನನ್ನ ತಲೆಯೊಳಗೆ ಇಳಿಯಲಿಲ್ಲ. ಇಳಿದದ್ದು "ಬೂಟ್ ಒಂದೇ" ಎಂಬುದು. ಎಂಥ ಮಾತು! ಹಿಮಕ್ಕೂ ಅದೇ, ರಸ್ತೆಗೂ ಅದೇ, ಐಸಿಗೂ ಅದೇ! ಯಾವುದನ್ನೂ ಬಿಸಾಡದ ನನ್ನಂಥವನಿಗಾಗಿಯೇ ಯಾರೋ ಪುಣ್ಯಾತ್ಮ ಮಾಡಿದ ವಸ್ತು ಅದು. ಮಗಳ ಹಳೇ ಸ್ಕೇಟಿನ ಚಕ್ರಗಳನ್ನು ಬಿಚ್ಚಿ, ಕೊಂಡಿಯ ಮೂಲಕ ಈ ಬೂಟಿಗೆ ಜೋಡಿಸಿದರೆ ಮುಗಿಯಿತು. ನಾಳೆ ಮಗಳು ಐಸ್ ಸ್ಕೇಟಿಂಗಿಗೆ ಹೋದರೆ ಚಕ್ರ ತೆಗೆದು ಬ್ಲೇಡು. ಒಂದೇ ಬೂಟಿನಲ್ಲಿ ಅವಳು ಎಲ್ಲಿಯವರೆಗೆ ಹೋಗಬಹುದು ಎಂದು ಯೋಚಿಸುತ್ತ ನಾನು ಶೋಕೇಸಿನ ಮುಂದೆ ಅರ್ಧ ಗಂಟೆ ನಿಂತಿದ್ದೆ.

ಇಂಚರ ಕಾಲು ಹಾಕಿ ನೋಡಿದಳು. "ಅಪ್ಪ, ಲೂಸು. ಎರಡು ಸೈಜು ದೊಡ್ಡದು."

"ಒಳ್ಳೇದಾಯ್ತಲ್ಲ! ಇನ್ನೂ ಮೂರು ವರ್ಷ ಬರತ್ತೆ. ಮುಂದೆ ಹತ್ತಿ ತುಂಬೋಣ, ಎರಡು ಜೊತೆ ಕಾಲುಚೀಲ ಹಾಕ್ಕೋ" ಎಂದೆ. ಯೂನಿಫಾರ್ಮನ್ನು ಯಾವಾಗಲೂ ದೊಡ್ಡದಾಗಿಯೇ ಹೊಲಿಸುವ ವಂಶ ನಮ್ಮದು.

ನಂದಿನಿ ನೋಡಿ ಗಾಬರಿಯಾದಳು. "ಸರ್, ಇದು ನೇರ ರಸ್ತೇಲಿ ದೂರ ಹೋಗೋಕೆ ಸರಿ ಇರ್ಬಹುದು. ನಮ್ ರೇಸಲ್ಲಿ ತಿರುವು ಜಾಸ್ತಿ ಸರ್. ತಿರುವಲ್ಲಿ ಹಿಮ್ಮಡಿ ಗಟ್ಟಿಯಾಗಿ ಕೂತಿರ್ಬೇಕು. ಮತ್ತೆ ಆ ಕೊಂಡಿ, ಅದು ಹೀಗೆ ಮನೇಲಿ ಜೋಡಿಸೋ ಅಂಥದ್ದಲ್ಲ."

"ನಿನ್ನ ವಯಸ್ಸೆಷ್ಟಮ್ಮ?"

"ಇಪ್ಪತ್ನಾಲ್ಕು ಸರ್."

"ನನ್ನ ಸರ್ವೀಸೇ ಇಪ್ಪತ್ತೆರಡು."

ಪಾಪ, ಅವಳು ತಲೆ ತಗ್ಗಿಸಿದಳು. ವಾದದಲ್ಲಿ ಗೆದ್ದೆ ಎಂದುಕೊಂಡೆ. ಆ ಹುಡುಗಿಗೆ ಗೊತ್ತಿದ್ದದ್ದರಲ್ಲಿ ಕಾಲುಭಾಗವೂ ನನಗೆ ಗೊತ್ತಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಬಾಯಿ ಬಾರದೆ ಹೋದೀತು.

ರೈಲ್ವೆ ಗೇಟಿನ ಹತ್ತಿರ ಬಾಷಾ ಎಂಬವರ ಲೇತ್ ಅಂಗಡಿ ಇದೆ. ಅವರು ಅಲ್ಯುಮಿನಿಯಂ ತಟ್ಟೆ ಕತ್ತರಿಸಿ, ಅದರ ಮೇಲೆ ಕೊಂಡಿ, ಕೆಳಗೆ ಚಕ್ರ ಕೂರಿಸಿದರು. ಹಿಮ್ಮಡಿ ಏಳದಂತೆ ಹಳೇ ಸ್ಕೂಲ್ ಬ್ಯಾಗಿನ ಬೆಲ್ಟನ್ನು ನಾನು ಸೇರಿಸಿದೆ; ಅದು ನನ್ನ ಸ್ವಂತ ಸಂಶೋಧನೆ. ಕೊಡುವಾಗ ಬಾಷಾ ಒಂದು ಮಾತು ಹೇಳಿದರು. "ಮೇಷ್ಟ್ರೇ, ಕಂಬಿ ಒಳಗೆ ಹೋದಾಗ ಟಕ್ ಅಂತ ಶಬ್ದ ಬರ್ಬೇಕು. ಟಕ್ ಅಂದ್ರೆ ಕಚ್ಕೊಂಡಿದೆ ಅಂತ ಅರ್ಥ. ಟಕ್ ಅನ್ನದೆ ಒಂದು ಹೆಜ್ಜೆ ಇಡ್ಬೇಡಿ. ಮೊದ್ಲು ನೀವು ಹಾಕ್ಕೊಂಡು ನೋಡಿ, ಆಮೇಲೆ ಮಗೂಗೆ ಹಾಕಿ."

ದಸರಾ ರಜೆಗೆ ಹಳೇಬೀಡಿಗೆ ಹೋದೆವು. ಅಲ್ಲಿ ನಮ್ಮತ್ತೆ ಜಯಮ್ಮನವರ ಮನೆ. ತೆಂಗಿನ ತೋಟ, ಟ್ರ್ಯಾಕ್ಟರು, ಆಳುಕಾಳು ಎಲ್ಲವನ್ನೂ ಒಬ್ಬರೇ ನಡೆಸುವ ಗಟ್ಟಿ ಹೆಂಗಸು. ಬಾಷಾ ಹೇಳಿದಂತೆ ಮರುದಿನ ಬೆಳಗ್ಗೆಯೇ ಪರೀಕ್ಷೆಗೆ ಹೊರಟೆ. ಬೂಟು ನನಗೆ ಒಂದು ಸೈಜು ಚಿಕ್ಕದು. ಕಾಲಿಗೆ ಕೊಬ್ಬರಿ ಎಣ್ಣೆ ಸವರಿ ತೂರಿಸಿದೆ. ಟಕ್! ಇನ್ನೊಂದು ಕಾಲು, ಟಕ್! ಎದ್ದು ನಿಂತೆ.

ನಿಂತದ್ದಷ್ಟೇ ನನ್ನ ಸಾಧನೆ. ಉಳಿದದ್ದೆಲ್ಲ ರಸ್ತೆಯ ಇಳಿಜಾರಿನದು! ಎದುರಿಗೆ ಬಂದ ಎರಡು ಎಮ್ಮೆಗಳು ಮರ್ಯಾದೆಯಿಂದ ದಾರಿ ಬಿಟ್ಟವು. ಕೈಯನ್ನು ಎರಡೂ ಕಡೆ ಬೀಸುತ್ತ, ವಾಕಿಂಗ್ ಹೊರಟಿದ್ದ ಹಿರಿಯರಿಬ್ಬರನ್ನು ಚದುರಿಸಿ, ನಾನು ನೇರವಾಗಿ ದೇವಸ್ಥಾನದ ಮುಂದಿನ ಎಳನೀರು ಗಾಡಿಗೆ ಹೋಗಿ ಅಪ್ಪಿಕೊಂಡೆ.

"ಯಾಕ್ ಸಾ, ಕಾಲಿಗೇನಾಗೈತೆ?" ಎಂದ ಎಳನೀರಿನವನು.

ಉತ್ತರ ಕೊಡುವಷ್ಟರಲ್ಲಿ ಗಾಡಿ ಜರುಗಿ ನಾನು ಇನ್ನೂ ಹತ್ತು ಅಡಿ ಮುಂದೆ ಹೋದೆ. ಅಲ್ಲಿ ಚಪ್ಪಲಿ ಕಾಯುವ ಹೆಂಗಸು ಕೂತಿದ್ದಳು. ಟೂರಿಸ್ಟ್ ಬಸ್ಸಿನಿಂದ ಇಳಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರು ನೋಡಲು ಬಂದದ್ದು ಶಿಲ್ಪವನ್ನು. ಮೊದಲ ಫೋಟೋ ನನ್ನದಾಯಿತು.

"ಇಲ್ಲಿ ಬಿಚ್ಚಿ ಸಾ, ಟೋಕನ್ ಕೊಡ್ತೀನಿ" ಎಂದಳು ಆ ಹೆಂಗಸು.

ಬಿಚ್ಚಲು ನೋಡಿದೆ. ಒಳಗೆ ಕಾಲು ಊದಿಕೊಂಡು ಕೂತಿತ್ತು. "ಬರ್ತಾ ಇಲ್ಲ ಕಣಮ್ಮ."

ಅವಳು ಬಗ್ಗಿ ಚಕ್ರ ನೋಡಿದಳು. "ಅಯ್, ಇದು ಚಪ್ಪಲಿ ಅಲ್ಲ, ಗಾಡಿ! ಗಾಡಿ ಎಲ್ಲ ಆ ಕಡೆ ಪಾರ್ಕಿಂಗು, ಇಲ್ಲಿ ಬಿಡಂಗಿಲ್ಲ" ಎಂದು ಕೈ ತೋರಿಸಿದಳು.

ಅತ್ತೆ ಮನೆಗೆ ಬೇಲಿ ಹಿಡಿದುಕೊಂಡು ಬಂದೆ. ಸುಮಿತ್ರ ಮತ್ತು ಇಂಚರ ತಲಾ ಒಂದೊಂದು ಕಾಲು ಹಿಡಿದು ಎಳೆದಾಗ ಬೂಟು ಬಂತು, ಜೊತೆಗೆ ಸ್ವಲ್ಪ ಚರ್ಮವೂ ಬಂತು. ಆದರೆ ನನಗೆ ಬೇಜಾರಾಗಲಿಲ್ಲ. ಕೊಂಡಿ ಕಚ್ಚಿ ಹಿಡಿದಿತ್ತಲ್ಲ! ಅಷ್ಟು ಒದ್ದಾಟದಲ್ಲೂ ಬಿಟ್ಟುಕೊಟ್ಟಿರಲಿಲ್ಲ.

ಮಾರನೇ ದಿನದಿಂದ ಇಂಚರ ಅದನ್ನು ಹಾಕಿಕೊಂಡು ಕೆರೆಯ ಕಡೆಯ ರಸ್ತೆಯಲ್ಲಿ ಅಭ್ಯಾಸ ಮಾಡಿದಳು. ನೋಡಬೇಕಿತ್ತು ನೀವು! ಹಗುರವಾದ ಬೂಟು, ನೇರ ರಸ್ತೆ. ನನ್ನ ಮಗಳು ಹಕ್ಕಿಯ ಹಾಗೆ ಹೋದಳು. ಐದು ದಿನವೂ ಹೋದಳು. "ಅಪ್ಪ, ನೇರಕ್ಕೆ ಸಕತ್ತಾಗಿ ಹೋಗತ್ತೆ! ತಿರುವಲ್ಲಿ ಮಾತ್ರ ಸ್ವಲ್ಪ ಭಯ ಆಗತ್ತೆ" ಎಂದಳು. ಮೊದಲ ವಾಕ್ಯವನ್ನು ಮಾತ್ರ ನಾನು ಫೋನು ಮಾಡಿ ನಂದಿನಿಗೆ ತಿಳಿಸಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಯುಧ ಪೂಜೆ ಬಂತು.

ಅಂಗಳದಲ್ಲಿ ಟ್ರ್ಯಾಕ್ಟರು, ಸ್ಕೂಟರು, ಕುಡುಗೋಲು, ಮಚ್ಚು, ಹೊಲಿಗೆ ಮಿಷನ್ನು ಎಲ್ಲವೂ ತೊಳೆಸಿಕೊಂಡು ಸಾಲಾಗಿ ಕೂತಿದ್ದವು. ನಾನು ಬೂಟಿನ ಸಮೇತ ಸ್ಕೇಟುಗಳನ್ನು ತಂದು ಟ್ರ್ಯಾಕ್ಟರಿನ ಪಕ್ಕದಲ್ಲಿಟ್ಟೆ. ಅತ್ತೆ ಕೈಯಲ್ಲಿದ್ದ ಹರಿವಾಣ ಕೆಳಗಿಟ್ಟರು.

"ಅಳಿಯಂದ್ರೇ, ನಿಮಗೆ ಬುದ್ಧಿ ಹೇಳೋ ಅಷ್ಟು ನಾನು ಓದಿಲ್ಲ. ಆದ್ರೂ ಕಾಲಿಗೆ ಮೆಟ್ಟೋದನ್ನ ಪೂಜೆಗಿಡ್ತಾರಾ ಯಾರಾದ್ರೂ?"

"ಅತ್ತೆ, ಇದು ಮೆಟ್ಟಲ್ಲ, ಗಾಡಿ. ದೇವಸ್ಥಾನದ ಮುಂದೆ ಚಪ್ಪಲಿ ಕಾಯೋ ಹೆಂಗಸೇ ಹೇಳಿದ್ದಾಳೆ."

"ಗಾಡಿ ಆದ್ರೆ ಕಾಲಿಗ್ಯಾಕೆ ಹಾಕ್ಕಂತಾರೆ?"

"ನಿಮ್ಮ ಟ್ರ್ಯಾಕ್ಟರ್‌ಗೆ ಎಷ್ಟು ಚಕ್ರ?"

"ನಾಕು."

"ಇದಕ್ಕೆ ಎಂಟು! ಈಗ ಹೇಳಿ, ಯಾವುದು ದೊಡ್ಡ ಗಾಡಿ?"

ಸುಮಿತ್ರ ಬಾಗಿಲಲ್ಲಿ ನಿಂತು, "ರೀ, ಅಮ್ಮಂಗೆ ಬೇಜಾರಾದ್ರೆ ಬೇಡ ಬಿಡಿ" ಎಂದಳು. ನಾನು ಬಿಡಲಿಲ್ಲ. ಮಗಳ ಭವಿಷ್ಯದ ಪ್ರಶ್ನೆ, ದೇವರ ಆಶೀರ್ವಾದ ಬೇಡವೇ ಎಂದು ಭಾಷಣ ಮಾಡಿದೆ. ಅತ್ತೆ ಒಪ್ಪಿಕೊಂಡರು, ಮನಸ್ಸಿಲ್ಲದೆ. ಗಲ್ಲ ಗಲ್ಲ ಬಡಿದುಕೊಂಡು ಮಂಗಳಾರತಿ ಎತ್ತಿದರು.

ಪೂಜೆಯನ್ನು ನಾನೇ ನಿಂತು ವಿಜೃಂಭಣೆಯಿಂದ ನೆರವೇರಿಸಿದೆ. ಎಂಟು ಚಕ್ರಕ್ಕೂ ಅರಿಶಿನ ಕುಂಕುಮ. ಬೂಟಿಗೆ ಚೆಂಡುಹೂವಿನ ಹಾರ. ಚಕ್ರದ ಕೆಳಗೆ ನಿಂಬೆಹಣ್ಣು. ಈ ವಾಹನದ ಜೀವಾಳ ಇರುವುದೇ ಕೊಂಡಿಯಲ್ಲಿ ಎಂದು, ಬೂಟು ಬಿಚ್ಚಿ, ಎರಡೂ ಕೊಂಡಿಗಳ ಬಾಯಿಗೆ ಧಾರಾಳವಾಗಿ ಗಂಧ ಮೆತ್ತಿದೆ. ಕೊನೆಗೆ ಒಂದು ಹಿಡಿ ಅಕ್ಷತೆ, ಅರಿಶಿನ ತುಪ್ಪ ಕಲಸಿದ ಹಸಿ ಅಕ್ಷತೆ, "ನನ್ನ ಮಗಳು ಗೆಲ್ಲಲಿ" ಎಂದು ಮೇಲಿನಿಂದ ಸುರಿದೆ. ಸಾಲದೆಂದು ಇನ್ನೊಂದು ಹಿಡಿ.

ಸಂಜೆ ಇಂಚರ ಸ್ಕೇಟು ಎತ್ತಿಕೊಳ್ಳಲು ಹೋದಳು. ಅತ್ತೆ ತಡೆದರು. "ಪೂಜೆಗಿಟ್ಟ ಗಾಡೀನ ವಿಜಯದಶಮಿ ಮುಗಿಯೋಗಂಟ ಮುಟ್ಟಂಗಿಲ್ಲ ಕಣವ್ವ. ಟ್ರ್ಯಾಕ್ಟರೂ ಮುಟ್ಟಲ್ಲ, ಮಚ್ಚೂ ಮುಟ್ಟಲ್ಲ."

"ಅಪ್ಪ, ನಾಡಿದ್ದೇ ಸೆಲೆಕ್ಷನ್! ನಾಳೆ ಒಂದ್ ಸಲನಾದ್ರೂ ಹಾಕ್ಕೊಂಡು ನೋಡ್ಬೇಕು."

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ತಿರುಗಿ, "ನೀವೇ ಗಾಡಿ ಅಂದ್ರಲ್ಲ ಅಳಿಯಂದ್ರೇ" ಎಂದರು.

ಬಾಯಿ ಮುಚ್ಚಿದೆ. ಅಕ್ಷತೆ ಎರಡು ದಿನ ಅಲ್ಲೇ ಒಣಗಿತು.

ಆಯ್ಕೆಯ ದಿನ ಬೆಳಗ್ಗೆ ಗಡಿಬಿಡಿಯಲ್ಲಿ ಹಾರ ತೆಗೆದು, ಮೇಲೆ ಮೇಲೆ ಕೊಡವಿ, ಚೀಲಕ್ಕೆ ಹಾಕಿಕೊಂಡೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಎಂದು ಸುಮಿತ್ರ ಬಂದಳು. "ಬೇಡ, ಪೂಜೆಯ ಗುರುತು ಇರಲಿ" ಎಂದೆ. ಬೇಲೂರಿನ ಒಂದು ಶಾಲೆಯ ಮೈದಾನದಲ್ಲಿ ಸಿಮೆಂಟಿನ ಟ್ರ್ಯಾಕು. ಎಂಟು ಹುಡುಗಿಯರು. ಏಳು ಹುಡುಗಿಯರ ಕಾಲಲ್ಲಿ ಸ್ಕೇಟು, ನನ್ನ ಮಗಳ ಕಾಲಲ್ಲಿ ಅರಿಶಿನ ಕುಂಕುಮ. ಬೇರೆ ತಂದೆತಾಯಿಯರು ಬಂದು ಬಗ್ಗಿ ನೋಡಿ ಕೇಳಿದರು. ನಾನು ಹಿಮ, ರಸ್ತೆ, ಐಸು ಮೂರನ್ನೂ ವಿವರಿಸಿದೆ. ಒಬ್ಬರು ಬಾಷಾ ಅವರ ಅಂಗಡಿ ಎಲ್ಲಿದೆ ಎಂದು ಬರೆದುಕೊಂಡರು.

ಗೆರೆಗೆ ಹೋಗುವ ಮೊದಲು ಇಂಚರ ನನ್ನನ್ನು ಕರೆದಳು. "ಅಪ್ಪ, ಬಲಗಾಲು ಟಕ್ ಅಂತು. ಎಡಗಾಲು ಟಕ್ ಅಂತಿಲ್ಲ."

"ಮೈಕಿನ ಗಲಾಟೇಲಿ ಕೇಳಿಸಿಲ್ಲ ಅಷ್ಟೇ. ಬೆಲ್ಟ್ ಬಿಗಿಯಾಗಿದೆಯಲ್ಲ."

"ಇಲ್ಲಪ್ಪ, ನಿಜವಾಗ್ಲೂ ಅನ್ನಲಿಲ್ಲ. ಒಂದ್ ಸಲ ಬಿಚ್ಚಿ ನೋಡು."

ಆಗಲೇ ವಿಸಿಲ್ ಊದಿ ಕರೆಯುತ್ತಿದ್ದರು. ಸುತ್ತ ಜನ. ಈಗ ತಾನೇ ಅವರಿಗೆಲ್ಲ ಉಪನ್ಯಾಸ ಕೊಟ್ಟವನು ಮಂಡಿಯೂರಿ ಕೂತು ಬಿಚ್ಚುವುದೇ? "ನಾನು ಪೀಟಿ ಮೇಷ್ಟ್ರು ಕಣೇ, ನಾನು ಹೇಳ್ತಿದ್ದೀನಲ್ಲ, ಹೋಗು" ಎಂದು ಅವಳ ಹಿಮ್ಮಡಿಯನ್ನು ಕೈಯಿಂದ ಒಮ್ಮೆ ಗುದ್ದಿದೆ.

ಅವಳು ನನ್ನ ಮುಖ ನೋಡಿದಳು. ನಂಬಿದಳು, ಹೋದಳು.

ನೇರ ದಾರಿಯಲ್ಲಿ ನನ್ನ ಮಗಳು ಎರಡನೆಯವಳಾಗಿದ್ದಳು. ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ. ಕೊನೆಯ ಸುತ್ತಿನವರೆಗೂ ಎರಡನೆಯವಳಾಗಿಯೇ ಇದ್ದಳು! ತಿರುವುಗಳಲ್ಲಿ ಹಿಂದೆ ಬೀಳುವುದು, ನೇರದಲ್ಲಿ ಹಿಡಿಯುವುದು. ಕೊನೆಯ ತಿರುವಿನಲ್ಲಿ ಎಡಗಾಲಿಗೆ ಭಾರ ಬಿಟ್ಟಾಗ ನನ್ನ ಸಂಶೋಧನೆಯ ಬೆಲ್ಟು ಕಿತ್ತಿತು, ಕೊಂಡಿ ಬಾಯಿ ಬಿಟ್ಟಿತು. ಬೂಟು ಕಾಲಲ್ಲೇ ಉಳಿಯಿತು. ಚಕ್ರ ಮಾತ್ರ ಕಳಚಿಕೊಂಡು, ಹೊರೆ ಇಳಿದ ಖುಷಿಯಲ್ಲಿ, ಕುಂಕುಮ ಹಚ್ಚಿಕೊಂಡೇ ಒಂಟಿಯಾಗಿ ಓಡಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಜನ ಹೋ ಎಂದು ನಕ್ಕರು, ಚಪ್ಪಾಳೆ ತಟ್ಟಿದರು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಟ್ರ್ಯಾಕಿಗೆ ಹಾರಿದೆವು. ಸುಮಿತ್ರ ಎಡಕ್ಕೆ ಓಡಿದಳು. ನಾನು ಬಲಕ್ಕೆ ಓಡಿದೆ. ಎಡಕ್ಕೆ ಮಗಳು ಬಿದ್ದಿದ್ದಳು. ಬಲಕ್ಕೆ ಸ್ಕೇಟು ಹೋಗಿತ್ತು.

ಎತ್ತಿಕೊಂಡು ತಿರುಗಿಸಿ ನೋಡಿದೆ. ತಟ್ಟೆ ಮುರಿದಿರಲಿಲ್ಲ, ಚಕ್ರ ಬಾಗಿರಲಿಲ್ಲ. "ಏನೂ ಆಗಿಲ್ಲ! ಏನೂ ಆಗಿಲ್ಲ!" ಎಂದು ಕೈಯೆತ್ತಿ ಕೂಗಿದೆ. ಮುಂದೆ ನೋಡುತ್ತೇನೆ, ಇಂಚರ ನೆಲದ ಮೇಲೆ ಕೂತು, ಸೊಟ್ಟಗಾದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸುಮಿತ್ರ ಬೂಟುಗಳನ್ನು ಬಿಚ್ಚಿ ಆಚೆ ಎಸೆದಳು. "ಐಸ್ ತಗೊಂಬನ್ನಿ" ಎಂದಳು. ಅವತ್ತು ಅವಳು ನನ್ನ ಜೊತೆ ಆಡಿದ ಮಾತು ಅದೊಂದೇ. ಎಸೆದ ಬೂಟನ್ನು ಆಗಲೇ ಎತ್ತಿಕೊಂಡಿದ್ದ ನಾನು ಹೊರಗಿನ ಜ್ಯೂಸ್ ಅಂಗಡಿಗೆ ಓಡಿದೆ. ಅಂಗಡಿಯವನು ಐಸ್ ಒಡೆದು, "ಯಾತ್ರಲ್ಲಿ ಹಾಕ್ಲಿ ಸಾರ್?" ಎಂದ. ಕೈಯಲ್ಲಿದ್ದದ್ದನ್ನೇ ಒಡ್ಡಿದೆ. ಹೀಗೆ ಆ ಬೂಟು ಐಸನ್ನೂ ಕಂಡಿತು. ತುಂಬಿದ ಬೂಟನ್ನು ತಂದು ಕೊಟ್ಟಾಗ ಸುಮಿತ್ರ ಬೂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಐಸನ್ನು ಸೆರಗಿಗೆ ಸುರಿದುಕೊಂಡಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಲು ಅವರಿಬ್ಬರೂ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಎಡಗಡೆಯ ಕೊಂಡಿಯೊಳಗೆ ಇಣುಕಿದೆ. ಆಳದಲ್ಲಿ ಏನೋ ಹಳದಿ. ಪಿನ್ನಿನಿಂದ ಕೆರೆದು ತೆಗೆದೆ. ಗಂಧದ ಜೊತೆ ಸೇರಿ ಕಲ್ಲಾಗಿದ್ದ ಎರಡು ಕಾಳು ಅಕ್ಷತೆ! ಬಾಯಿ ಪೂರ್ತಿ ಮುಚ್ಚದಂತೆ ಅಡ್ಡ ಕೂತಿದ್ದವು. "ನನ್ನ ಮಗಳು ಗೆಲ್ಲಲಿ" ಎಂದು ನಾನೇ ಹಾಕಿದ್ದು.

ಅವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದದ್ದಷ್ಟೇ ಅಲ್ಲ. ಲೋಕೇಶನಿಗೆ ಫೋನು ಮಾಡಿ, "ಎಂಥ ಕಳಪೆ ಬೂಟು ತಂದುಕೊಟ್ಟೆಯೋ!" ಎಂದು ಬೈದೆ. "ಅದು ಶೋಕೇಸಲ್ಲಿಡೋಕೆ ಕೊಟ್ಟಿದ್ದಲ್ವಾ ಭಾವ" ಎಂದ. ಆಮೇಲೆ, "ಹೋಗ್ಲಿ ಬಿಡಿ. ಮಗು ಹೆಂಗೈತೆ?" ಎಂದು ಕೇಳಿದ. ಬಾಷಾ ಅವರಿಗೂ ಎರಡು ಮಾತು ಅಂದೆ. ನಂದಿನಿಗೆ ಏನೂ ಹೇಳಲಾಗಲಿಲ್ಲ. ಅವಳು ಏನೂ ಕೇಳದೆ ದಿನಾ ಬಂದು ಇಂಚರಳ ಪಕ್ಕ ಕೂತು ಹೋಗುತ್ತಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ಅತ್ತೆಯ ವಿಷಯ. ಕಾಲಿಗೆ ಮೆಟ್ಟುವುದನ್ನು ಪೂಜೆಗಿಡಲು ಬಿಟ್ಟದ್ದೇ ತಪ್ಪು, ದೇವರು ಮುನಿದ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದರು. "ನಾನಾದ್ರೂ ಗಟ್ಟಿಯಾಗಿ ಬ್ಯಾಡ ಅನ್ನಬೇಕಿತ್ತು ಅಳಿಯಂದ್ರೇ. ನನ್ನ ಬಾಯಿ ಸೇದೋಗಿತ್ತು" ಎಂದು ಕಣ್ಣೊರೆಸಿಕೊಂಡರು. ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟರು. ಮೊಮ್ಮಗಳ ಕೈ ನೆಟ್ಟಗಾಗುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹರಕೆ ಹೊತ್ತು, ಆರು ವಾರ ತೋಟವನ್ನೆಲ್ಲ ಬರಿಗಾಲಲ್ಲಿ ಸುತ್ತಿದರು. ಆ ಎರಡು ಕಾಳು ನನ್ನ ಜೇಬಿನಲ್ಲೇ ಇದ್ದವು. "ಬೇಡ ಅತ್ತೆ" ಎನ್ನಲು ಒಂದು ನಿಮಿಷ ಸಾಕಿತ್ತು. ನಾನು, "ನಿಮ್ಮ ಭಕ್ತಿ ದೊಡ್ಡದು" ಎಂದೆ. ಥೂ!

ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನ ಸುಮಿತ್ರ ನಂದಿನಿಯನ್ನು ಕರೆದುಕೊಂಡು ಹೋಗಿ ಹೊಸ ಸ್ಕೇಟು ತಂದಳು. ನನ್ನನ್ನು ಕರೆಯಲಿಲ್ಲ. ಇಂಚರ ಈಗ ದೊಡ್ಡ ಹುಡುಗಿಯರ ಜೊತೆ ಓಡುವುದಕ್ಕೆ ತಯಾರಾಗುತ್ತಿದ್ದಾಳೆ. ನನ್ನನ್ನು ಮಾತಾಡಿಸುತ್ತಾಳೆ, ಚೆನ್ನಾಗಿಯೇ ಮಾತಾಡಿಸುತ್ತಾಳೆ. ಊಟ ಆಯ್ತಾ ಅಪ್ಪ, ಬಸ್ಸು ಸಿಗ್ತಾ ಅಪ್ಪ ಎಂದು ಕೇಳುತ್ತಾಳೆ. ಕಲ್ಯಾಣ ಮಂಟಪದ ಗೇಟಿನವರೆಗೆ ನೀರಿನ ಬಾಟಲಿ ಹಿಡಿದುಕೊಂಡು ಬರಲು ನನಗೆ ಅನುಮತಿ ಇದೆ. ಬೂಟುಗಳು ಶೋಕೇಸಿಗೆ ವಾಪಸ್ಸು ಹೋಗಿವೆ.

ಮೊನ್ನೆ ಸಂಜೆ ನಾನು ಹಾಲಿನಲ್ಲಿ ಟೀವಿ ನೋಡುತ್ತಿದ್ದೆ. ಅಡುಗೆಮನೆಯಲ್ಲಿ ಇಂಚರ ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದಳು: "ಅಮ್ಮ, ಹಿಂದಿನ ಚಕ್ರ ಯಾಕೋ ಸ್ವಲ್ಪ ಅಲ್ಲಾಡ್ತಿದೆ. ನಾಳೆ ನಂದಿನಿ ಮಿಸ್‌ಗೆ ತೋರಿಸ್ತೀನಿ." ನಾನು ಅಭ್ಯಾಸಬಲದಿಂದ ಎದ್ದೆ. ಸ್ಕ್ರೂಡ್ರೈವರ್ ಇದ್ದ ಡ್ರಾಯರಿನ ತನಕ ಹೋಗಿದ್ದೆ. ಆಗ ಮಗಳ ದನಿ ಇನ್ನೂ ತಗ್ಗಿತು.

"ಅಪ್ಪಂಗೆ ಹೇಳ್ಬೇಡಮ್ಮ."

ಸುಮ್ಮನೆ ಬಂದು ಕೂತೆ. ನನಗೆ ಏನೂ ಕೇಳಿಸಿಲ್ಲ ಎಂದು ಅವರಿಗೆ ಅನ್ನಿಸಲಿ ಎಂದುಕೊಂಡು, ರಿಮೋಟು ತೆಗೆದು ಸೌಂಡು ಜಾಸ್ತಿ ಮಾಡಿದೆ.

ಚಾನೆಲ್ ಬದಲಾಯಿತು.